ಹಾಳು ಕಟ್ಟಡಗಳ ದೆವ್ವ: ತನಿಖೆ ಎಲ್ಲಿಂದ ಶುರುವಾಗಬೇಕು?

ಜನ ಬಿಟ್ಟುಹೋದ ಶಾಲೆ, ಆಸ್ಪತ್ರೆ, ಜೈಲು, ಕಚೇರಿಗಳಲ್ಲಿ ದೆವ್ವವಿದೆ ಎಂಬ ಮಾತನ್ನು ಸಾಕ್ಷ್ಯದ ಒರೆಗೆ ಹಚ್ಚುವ ಕೆಲಸಕ್ಕೆ ಅತೀಂದ್ರಿಯ ತನಿಖೆ ಎನ್ನುತ್ತಾರೆ. ಇದಕ್ಕೆ ಎರಡು ದಾರಿಗಳಿವೆ. ಕತ್ತಲಲ್ಲಿ ಕ್ಯಾಮೆರಾ ಹಿಡಿದು ಹೋಗಿ, ಕೇಳಿದ ಸದ್ದಿಗೆಲ್ಲ ಬೆಚ್ಚಿಬಿದ್ದು, ಬೆಳಗಾಗುವುದರೊಳಗೆ ವಿಡಿಯೊ ಹಾಕುವುದು ಒಂದು. ಹಗಲಲ್ಲಿ ಹೋಗಿ ಗೋಡೆ, ಚಾವಣಿ, ತಂತಿ ನೋಡಿ, ಊರವರ ಮಾತು ಬರೆದುಕೊಂಡು, ಹಳೆಯ ದಾಖಲೆ ತೆಗೆಸಿ, ಕೊನೆಗೆ ರಾತ್ರಿ ಕಾವಲು ಕೂರುವುದು ಇನ್ನೊಂದು. ಮೊದಲನೆಯದಕ್ಕೆ ನೋಡುಗರು ಹೆಚ್ಚು. ಉತ್ತರ ಸಿಗುವುದು ಎರಡನೆಯದರಲ್ಲಿ. ಇಂಗ್ಲೆಂಡಿನಿಂದ ಕರ್ನಾಟಕದವರೆಗೆ ನಡೆದ ಇಂಥ ಪ್ರಯತ್ನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಟ್ಟಡ ಏಕೆ ಹಾಳುಬಿತ್ತು ಎಂದು ಕೇಳದವರಿಗೆ ಅಲ್ಲಿ ರಾತ್ರಿ ಸದ್ದು ಮಾಡುವುದು ಏನೆಂಬುದೂ ತಿಳಿಯುವುದಿಲ್ಲ.

ಮನೆಯ ದೆವ್ವಕ್ಕೂ ಸರಕಾರಿ ಕಟ್ಟಡದ ದೆವ್ವಕ್ಕೂ ವ್ಯತ್ಯಾಸವಿದೆ. ಮನೆಯ ಕಥೆಯಲ್ಲಿ ಸತ್ತವರಿಗೆ ಹೆಸರು, ಮನೆತನ, ಜಗಳ, ಆಸ್ತಿ ಎಲ್ಲ ಇರುತ್ತದೆ. 2004ರ ‘ಆಪ್ತಮಿತ್ರ’ ಚಿತ್ರದ ನಾಗವಲ್ಲಿಗೂ ಒಂದು ಪೂರ್ವಕಥೆ ಇತ್ತು. ಅದರ ಗಂಟು ಬಿಡಿಸಲು ಬಂದವನು ಮನೋವೈದ್ಯ. ಸಂಸ್ಥೆಗಳ ಕಟ್ಟಡದಲ್ಲಿ ಹಾಗಾಗುವುದಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡವರು ಹತ್ತೂರಿನವರು. ಜೈಲಿನಲ್ಲಿ ಸತ್ತವರ ಹೆಸರು ಊರಿಗೆ ಗೊತ್ತಿರುವುದಿಲ್ಲ. ಶಾಲೆಯಲ್ಲಂತೂ ಬಹುಪಾಲು ಯಾರೂ ಸತ್ತೇ ಇರುವುದಿಲ್ಲ. ಆದರೂ ಧಾರವಾಡ ಸೀಮೆಯಲ್ಲಿ ಹಾಳುಬಿದ್ದ ಸಾಲಿ, ಹಳೆಯ ದವಾಖಾನಿ, ಬೀಗ ಹಾಕಿದ ಚಾವಡಿ ಎಂದರೆ ಸಾಕು, ಬಿಳಿ ಸೀರಿ ಉಟ್ಟಾಕಿ ಅಡ್ಡಾಡತಾಳ, ಅಮಾಸಿ ದಿನ ಅಳೂ ಸಪ್ಪಳ ಬರತೈತಿ, ಅತ್ತಾಗ ಹೋದರ ಗಾಳಿ ಸೋಕತೈತಿ ಎಂಬ ಮಾತು ಹಿಂದೆಯೇ ಬರುತ್ತದೆ. ಒಂದೇ ಕಥೆ ನೂರು ಊರುಗಳಲ್ಲಿ ಕೇಳಿಬಂದರೆ ಅದು ಆ ಕಟ್ಟಡದಲ್ಲಿ ಹುಟ್ಟಿದ್ದಲ್ಲ, ಬಾಯಿಂದ ಬಾಯಿಗೆ ಬಂದು ಅಲ್ಲಿ ಮನೆ ಮಾಡಿದ್ದು. 1990ರ ದಶಕದಲ್ಲಿ ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿ, ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಮೂಡಿದ್ದನ್ನು ನಡುವಯಸ್ಸು ದಾಟಿದ ಓದುಗರು ಮರೆತಿರಲಾರರು. ಬರಹ ಬಾಗಿಲಿಂದ ಬಾಗಿಲಿಗೆ ದಾಟಿತೇ ಹೊರತು ಬಡಿದವರನ್ನು ಯಾರೂ ಹಿಡಿಯಲಿಲ್ಲ.

ಎರೆ ನೆಲದ ಮೇಲಿನ ಗೋಡೆ

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ಸುತ್ತ ಕಣ್ಣು ಹಾಯುವಷ್ಟು ದೂರ ಎರಿ ಹೊಲ. ಹತ್ತಿ, ಮೆಣಸಿನಕಾಯಿ, ಶೇಂಗಾ, ಕಡಲೆ, ಬಿಳಿಜೋಳಕ್ಕೆ ಹೆಸರಾದ ಈ ಮಣ್ಣು ರೈತನಿಗೆ ಎಷ್ಟು ಒಳ್ಳೆಯದೋ ಕಟ್ಟಡಕ್ಕೆ ಅಷ್ಟೇ ಕೆಟ್ಟದ್ದು. ಇದರಲ್ಲಿ ಸ್ಮೆಕ್ಟೈಟ್ ಗುಂಪಿನ ಜೇಡಿ ಹೆಚ್ಚು. ಆ ಜೇಡಿಯ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ. ಬಿಸಿಲಿಗೆ ನೀರು ಆರಿದಾಗ ಕುಗ್ಗಿ ಬಾಯಿಬಿಡುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಕಾಣುವುದು ಈ ಭಾಗದಲ್ಲಿ ಹೊಸತೇನಲ್ಲ. ಹೊಲದಲ್ಲಿ ಕಣ್ಣಿಗೆ ಕಾಣುವ ಈ ಏರಿಳಿತ ಕಟ್ಟಡದ ಬುಡದಲ್ಲಿ ಕಣ್ಣಿಗೆ ಬೀಳದಂತೆ ನಡೆಯುತ್ತದೆ.

ಅಡಿಪಾಯ ಎರಿ ಮಣ್ಣನ್ನು ದಾಟಿ ಗರಸಿನವರೆಗೆ ಇಳಿಯದಿದ್ದರೆ ಗೋಡೆ ಪ್ರತಿ ಮಳೆಗಾಲಕ್ಕೆ ಏಳುತ್ತದೆ, ಪ್ರತಿ ಬೇಸಿಗೆಗೆ ಇಳಿಯುತ್ತದೆ. ಎಲ್ಲ ಕಡೆಯೂ ಒಂದೇ ಸಮ ಎದ್ದರೆ ತೊಂದರೆ ಇರಲಿಲ್ಲ. ಚಾವಣಿಯ ನೀರು ಬೀಳುವ ಕಡೆ ಮಣ್ಣು ಹೆಚ್ಚು ಉಬ್ಬುತ್ತದೆ, ಬೇವಿನ ಮರದ ಬೇರು ನೀರು ಹೀರುವ ಕಡೆ ಹೆಚ್ಚು ಕುಗ್ಗುತ್ತದೆ. ಈ ಎಳೆದಾಟದಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಏರುವ ಬಿರುಕು ಹುಟ್ಟುತ್ತದೆ. ಚೌಕಟ್ಟು ಸೊಟ್ಟಗಾಗುತ್ತದೆ. ಶ್ರಾವಣದಲ್ಲಿ ಎಷ್ಟು ಜಗ್ಗಿದರೂ ಬಾರದ ಬಾಗಿಲು ಶಿವರಾತ್ರಿ ಕಳೆದ ಮೇಲೆ ತಾನೇ ತೆರೆದುಕೊಳ್ಳುತ್ತದೆ. ‘ಯಾರೂ ಇಲ್ಲದ ಕೋಣೆಯ ಬಾಗಿಲು ತಾನಾಗಿ ತೆರೆಯಿತು’ ಎಂಬ ಸಾಕ್ಷಿಯನ್ನು ಎರೆ ನೆಲದ ಊರಲ್ಲಿ ಬರೆದುಕೊಳ್ಳುವಾಗ ತನಿಖೆದಾರ ತಿಂಗಳನ್ನು ಕೇಳಲೇಬೇಕು, ಜೊತೆಗೆ ಒಂದು ನೀರುಮಟ್ಟವನ್ನು ಹೊಸ್ತಿಲ ಮೇಲೆ ಇಟ್ಟು ನೋಡಬೇಕು.

ಇದಕ್ಕೆ ಪರಿಹಾರವೂ ಹಳೆಯದೇ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ಇಂಥ ನೆಲಕ್ಕೆಂದು ಬುಡದಲ್ಲಿ ಈರುಳ್ಳಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳ ಅಡಿಪಾಯವನ್ನು ಬಳಕೆಗೆ ತಂದಿತು. ಆ ಖರ್ಚನ್ನು ಉಳಿಸಲು ಹೋಗಿ, ಎರೆಯ ಮೇಲೆಯೇ ಎದ್ದ ಶಾಲಾ ಕೊಠಡಿ, ವಸತಿಗೃಹಗಳು ಕೆಲವೇ ವರ್ಷಗಳಲ್ಲಿ ಬಿರುಕುಬಿಟ್ಟು, ‘ಅಪಾಯಕಾರಿ’ ಎಂದು ಬರೆಸಿಕೊಂಡು, ಬೀಗ ಬೀಳುತ್ತವೆ. ಬೀಗ ಬಿದ್ದ ಕೊಠಡಿಗೆ ಮೊದಲು ಜೇಡ ಬರುತ್ತದೆ, ಆಮೇಲೆ ಬಾವಲಿ, ಕೊನೆಗೆ ದೆವ್ವ. ಈ ಸೀಮೆಯಲ್ಲಿ ಹರಿಯುವ ಬೆಣ್ಣಿಹಳ್ಳದ ನೆರೆ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಉತ್ತರ ಕರ್ನಾಟಕವನ್ನು ಮುಳುಗಿಸಿದ 2009ರ ಮತ್ತು 2019ರ ನೆರೆಗಳಲ್ಲಿ ನೀರು ನಿಂತು ಹೋದ ಗೋಡೆಗಳು ಎಷ್ಟೋ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಮನೆಗಳಲ್ಲಿ ಕೂಡ ಹಲವು, ಹೊಲದಿಂದ ದೂರವಾಯಿತೆಂದು ಜನ ಬಾರದೆ ಖಾಲಿ ಉಳಿದವು. ಯಾರೂ ಒಂದು ದಿನವೂ ಬದುಕದ ಮನೆಯಲ್ಲಿ ಯಾರ ಆತ್ಮ ಅಲೆಯಬೇಕು?

ರಾತ್ರಿಯ ಸದ್ದುಗಳು

ಖಾಲಿ ಕಟ್ಟಡ ಮೌನವಾಗಿರುವುದಿಲ್ಲ. ಹುಬ್ಬಳ್ಳಿ ಸೀಮೆಯ ಏಪ್ರಿಲ್‌ನಲ್ಲಿ ಹಗಲ ತಾಪ 37-38 ಡಿಗ್ರಿ ಮುಟ್ಟಿ, ಬೆಳಗಿನ ಜಾವ 21-22ಕ್ಕೆ ಇಳಿಯುತ್ತದೆ. ಬಿಸಿಲಿಗೆ ಕಾದ ತಗಡಿನ ಮೈ ಗಾಳಿಗಿಂತ ಇನ್ನೂ ಎಷ್ಟೋ ಹೆಚ್ಚು ಬಿಸಿ. 40 ಡಿಗ್ರಿಯ ಇಳಿತದಲ್ಲಿ 10 ಅಡಿಯ ಕಬ್ಬಿಣದ ತಗಡು ಸುಮಾರು ಒಂದೂವರೆ ಮಿಲಿಮೀಟರ್ ಕುಗ್ಗುತ್ತದೆ. ಮೊಳೆಗೆ ಸಿಕ್ಕಿಕೊಂಡ ತಗಡು ಸರಾಗವಾಗಿ ಸರಿಯಲಾರದು. ಸ್ವಲ್ಪ ಹೊತ್ತು ಬಿಗಿಹಿಡಿದು ಒಮ್ಮೆಲೇ ಜಾರುತ್ತದೆ. ಟಕ್, ಟಕ್ ಎಂಬ ಆ ಸದ್ದು ಸಾಲಾಗಿ ಬಂದಾಗ ಚಾವಣಿಯ ಮೇಲೆ ಯಾರೋ ನಡೆದಂತೆ ಕೇಳಿಸುತ್ತದೆ. ಸಾಗವಾನಿ ತೊಲೆ, ಹಂಚಿನ ಕೆಳಗಿನ ರೀಪು ಕೂಡ ಹೀಗೆಯೇ ಮಾತಾಡುತ್ತವೆ. ಸದ್ದು ಹೆಚ್ಚಾಗಿ ಸೂರ್ಯ ಮುಳುಗಿದ ಮೊದಲ ಕೆಲವು ತಾಸುಗಳಲ್ಲಿ ಬರುತ್ತದೆ. ಗಡಿಯಾರ ಇಟ್ಟುಕೊಂಡು ಬರೆದರೆ ತಾಪಮಾನದ ಇಳಿತಕ್ಕೂ ಸದ್ದಿಗೂ ಇರುವ ನಂಟು ಒಂದೇ ರಾತ್ರಿಯಲ್ಲಿ ಸಿಕ್ಕಿಬಿಡುತ್ತದೆ.

ಇನ್ನು ಜೀವಿಗಳು. ಹಾಳು ಕಟ್ಟಡದ ಗವಾಕ್ಷಿ, ಅಟ್ಟ, ಒಡೆದ ಮಾಡು ಕಣಜ ಗೂಬೆಗೆ ಪ್ರಿಯವಾದ ಜಾಗ. ಇದರ ಮುಖ ಬಿಳಿ, ಹೊಟ್ಟೆ ಬಿಳಿ, ಹಾರಾಟಕ್ಕೆ ಸದ್ದೇ ಇಲ್ಲ. ಕೂಗಂತೂ ಹರಿತವಾದ ಚೀರಾಟ. ಮರಿಗಳು ಗೂಡಿನಲ್ಲಿ ಬುಸುಗುಡುತ್ತವೆ. ಟಾರ್ಚಿನ ಬೆಳಕಿಗೆ ಅಡ್ಡಲಾಗಿ ಅದು ಹಾರಿಹೋದರೆ ಕಾಣುವುದು ತೇಲಿಹೋದ ಬಿಳಿ ಆಕಾರ ಮಾತ್ರ. ಬಿಳಿ ಸೀರೆಯ ಕಥೆಗಳಲ್ಲಿ ಎಷ್ಟು ಪಾಲು ಈ ಹಕ್ಕಿಯದೋ ಲೆಕ್ಕ ಹಾಕಿದವರಿಲ್ಲ, ಆದರೆ ಜಗತ್ತಿನ ಬಹಳ ದೇಶಗಳಲ್ಲಿ ಈ ಗೂಬೆಗೂ ದೆವ್ವಕ್ಕೂ ನಂಟು ಹಾಕಿರುವುದು ಕಾಕತಾಳೀಯವಾಗಿರಲಾರದು. ಚಿಕ್ಕ ಗೂಬೆಯಾದ ಹಾಲಕ್ಕಿಯ ಮಾತು ಬುಡಬುಡಕಿಯವರ ಬಾಯಲ್ಲಿ ಶಕುನವಾಗಿ ಮನೆಮನೆಗೆ ಬರುತ್ತದೆ. ಅದೇ ಹಕ್ಕಿ ಹಾಳು ಸಾಲಿಯ ಜಗಲಿಯಲ್ಲಿ ಕೂತು ಕಿರುಚಿದರೆ ಅಪಶಕುನ. ಎರಿ ಹೊಲದ ಇಲಿಗಳನ್ನು ರಾತ್ರಿಯಿಡೀ ಹಿಡಿದು ತಿನ್ನುವ ಈ ಹಕ್ಕಿಗಳು ರೈತನಿಗೆ ಮಾಡುವ ಉಪಕಾರ ದೊಡ್ಡದು. ದೆವ್ವದ ಹೆಸರಲ್ಲಿ ಅವುಗಳ ಗೂಡಿಗೆ ಕಲ್ಲು ಹೊಡೆಯುವುದು ಅನ್ಯಾಯ. ಅಟ್ಟದ ಮೇಲೆ ಓಡಾಡುವ ಪುನುಗು ಬೆಕ್ಕು, ಗೋಡೆಯೊಳಗೆ ಕೆರೆಯುವ ಹೆಗ್ಗಣ ಕೂಡ ಇದೇ ಕಟ್ಟಡಗಳ ನಿವಾಸಿಗಳು.

ತನಿಖೆಯ ಪರಂಪರೆ

ದೆವ್ವದ ಮಾತನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ಸಂಸ್ಥೆಗಳು ಮೊದಲು ಹುಟ್ಟಿದ್ದು ಲಂಡನ್ನಿನಲ್ಲಿ. 1862ರಲ್ಲಿ ಘೋಸ್ಟ್ ಕ್ಲಬ್, 1882ರಲ್ಲಿ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್. ಕಟ್ಟಡವೊಂದನ್ನು ಹಿಡಿದು ಮಾಡಿದ ತನಿಖೆಗಳಲ್ಲಿ ಹೆಚ್ಚು ಹೆಸರಾದದ್ದು ಇಂಗ್ಲೆಂಡಿನ ಬೋರ್ಲಿ ಎಂಬ ಹಳ್ಳಿಯ ಪಾದ್ರಿ ನಿವಾಸದ್ದು. ಹ್ಯಾರಿ ಪ್ರೈಸ್ ಎಂಬಾತ 1937ರಲ್ಲಿ, ಖಾಲಿಬಿದ್ದಿದ್ದ ಆ ಕಟ್ಟಡವನ್ನು ಒಂದು ವರ್ಷಕ್ಕೆ ಬಾಡಿಗೆಗೆ ಹಿಡಿದ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು 48 ವೀಕ್ಷಕರನ್ನು ಸೇರಿಸಿದ. ಏನನ್ನು ನೋಡಬೇಕು, ಹೇಗೆ ಬರೆದಿಡಬೇಕು ಎಂದು ಅಚ್ಚುಹಾಕಿಸಿದ ಸೂಚನಾ ಪುಸ್ತಿಕೆಯನ್ನು ಅವರ ಕೈಗಿಟ್ಟ. ಬಾಗಿಲಿಗೆ ದಾರ, ಅರಕಿನ ಮುದ್ರೆ, ನೆಲಕ್ಕೆ ಪುಡಿ, ತಾಪಮಾಪಕ, ಕ್ಯಾಮೆರಾ ಇವೆಲ್ಲ ಅವನ ಪೆಟ್ಟಿಗೆಯಲ್ಲಿದ್ದವು. 1940ರಲ್ಲಿ ಪುಸ್ತಕ ಬಂದು ಆ ಮನೆ ಇಂಗ್ಲೆಂಡಿನ ಅತಿ ಹೆಚ್ಚು ದೆವ್ವಗಳ ಮನೆ ಎಂದು ಹೆಸರಾಯಿತು. ಕಟ್ಟಡ ಅಷ್ಟರಲ್ಲಿ, 1939ರಲ್ಲೇ, ಸುಟ್ಟಿತ್ತು, 1944ರಲ್ಲಿ ನೆಲಸಮವಾಯಿತು. ಪ್ರೈಸ್ ತೀರಿಕೊಂಡ ಮೇಲೆ ಅದೇ ಸೊಸೈಟಿಯ ಮೂವರು ಸದಸ್ಯರು, ಡಿಂಗ್‌ವಾಲ್, ಗೋಲ್ಡ್ನಿ ಮತ್ತು ಹಾಲ್, ಅವನ ಕಾಗದಪತ್ರಗಳನ್ನೆಲ್ಲ ತಿರುವಿಹಾಕಿ 1956ರಲ್ಲಿ ವರದಿ ಕೊಟ್ಟರು. ಇಲಿ, ಗಾಳಿ, ಕಟ್ಟಡದ ವಿಚಿತ್ರ ಪ್ರತಿಧ್ವನಿ, ನಿವಾಸಿಗಳ ಹಂಚಿಕೆ, ಸ್ವತಃ ಪ್ರೈಸ್‌ನ ಉತ್ಪ್ರೇಕ್ಷೆ ಎಲ್ಲ ಅದರಲ್ಲಿ ಬಯಲಾಯಿತು. ತನಿಖೆಯ ಸಲಕರಣೆ ಎಷ್ಟೇ ಅಚ್ಚುಕಟ್ಟಾಗಿರಲಿ, ತನಿಖೆದಾರನಿಗೆ ದೆವ್ವ ಬೇಕಾಗಿದ್ದರೆ ದೆವ್ವ ಸಿಗುತ್ತದೆ ಎಂಬುದಕ್ಕೆ ಬೋರ್ಲಿಗಿಂತ ದೊಡ್ಡ ಉದಾಹರಣೆ ಬೇಡ.

ದಕ್ಷಿಣ ಭಾರತದ ಮಟ್ಟಿಗೆ ಈ ದಾರಿ ಹಾಕಿದವರಲ್ಲಿ ತಿರುವಲ್ಲದಲ್ಲಿ 1898ರಲ್ಲಿ ಹುಟ್ಟಿ ಸಿಲೋನಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಅಬ್ರಹಾಂ ಕೋವೂರರ ಹೆಸರು ಮೊದಲು ಬರುತ್ತದೆ. ಕಲ್ಲು ಬೀಳುವ ಮನೆ, ತಾನೇ ಬೆಂಕಿ ಹೊತ್ತಿಕೊಳ್ಳುವ ಬಟ್ಟೆ ಎಂಬ ದೂರುಗಳ ಬೆನ್ನು ಹತ್ತಿ ಹೋದ ಅವರು ಮತ್ತೆ ಮತ್ತೆ ಕಂಡದ್ದು ಮನೆಯೊಳಗಿನ ಒಬ್ಬ ನೊಂದ ಮನುಷ್ಯನ ಕೈವಾಡ. ಆ ಮನುಷ್ಯನನ್ನು ಬಯಲಿಗೆಳೆದು ಅವಮಾನ ಮಾಡುವುದರ ಬದಲು ಮಾತಾಡಿಸಿ ಸಮಾಧಾನ ಮಾಡಿದ್ದು ಕೋವೂರರ ದೊಡ್ಡತನ. ಮೋಸವಿಲ್ಲದೆ ಪವಾಡ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಕೊಡುವುದಾಗಿ ಅವರು ಹಾಕಿದ ಸವಾಲನ್ನು 1978ರಲ್ಲಿ ಅವರು ಕಣ್ಣುಮುಚ್ಚುವವರೆಗೆ ಯಾರೂ ಗೆಲ್ಲಲಿಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ವಿಶ್ವವಿದ್ಯಾಲಯದ ಮುದ್ರೆ ಒತ್ತಿದವರು ಎಚ್. ನರಸಿಂಹಯ್ಯ. ಗೌರಿಬಿದನೂರು ಬಳಿಯ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಬದುಕನ್ನೆಲ್ಲ ನ್ಯಾಷನಲ್ ಕಾಲೇಜಿಗೆ ಕೊಟ್ಟ ಎಚ್ಚೆನ್, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳು ಮತ್ತು ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳ ತನಿಖೆಗೆ ಒಂದು ಸಮಿತಿ ರಚಿಸಿದರು. ವಿಭೂತಿ ಉದುರಿಸುವ ಪಾಂಡವಪುರದ ಬಾಲಕನೊಬ್ಬನ ‘ಪವಾಡ’ವನ್ನು ಸಮಿತಿ ಬಯಲು ಮಾಡಿತು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರನ್ನು ಪರೀಕ್ಷೆಗೆ ಕರೆದು ಎಚ್ಚೆನ್ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಆ ಸಮಿತಿ ಹಾಳು ಕಟ್ಟಡಗಳನ್ನು ಹುಡುಕಿಕೊಂಡು ಹೋದದ್ದಲ್ಲ. ಆದರೆ ಅದು ಹಾಕಿಕೊಟ್ಟ ನಿಯಮ ಕಟ್ಟಡಕ್ಕೂ ಸಲ್ಲುತ್ತದೆ: ಪರೀಕ್ಷಿಸಲು ಬರುವ ಮಾತನ್ನು ಮಾತ್ರ ಕೈಗೆತ್ತಿಕೊಳ್ಳಬೇಕು, ಪರೀಕ್ಷೆಯ ಷರತ್ತನ್ನು ಪರೀಕ್ಷಿಸುವವರು ಹಾಕಬೇಕು. ‘ಅಲ್ಲಿ ಏನೋ ಇದೆ’ ಎಂಬುದು ಪರೀಕ್ಷಿಸಲಾಗದ ಮಾತು. ‘ರಾತ್ರಿ ಎಂಟಕ್ಕೆ ಉತ್ತರದ ಕೋಣೆಯಲ್ಲಿ ಹೆಜ್ಜೆ ಸಪ್ಪಳ ಬರುತ್ತದೆ’ ಎಂಬುದನ್ನು ಪರೀಕ್ಷಿಸಬಹುದು.

ಸಲಕರಣೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

2004ರಲ್ಲಿ ಅಮೆರಿಕದಲ್ಲಿ ಶುರುವಾದ ‘ಘೋಸ್ಟ್ ಹಂಟರ್ಸ್’ ಎಂಬ ಟಿವಿ ಸರಣಿಯ ನಂತರ ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಚಿಕ್ಕ ಮೀಟರು ದೆವ್ವ ಹುಡುಕುವವರ ಗುರುತಿನ ಚೀಟಿಯೇ ಆಗಿಬಿಟ್ಟಿದೆ. ಆ ಮೀಟರು ಅಳೆಯುವುದು ತಂತಿ, ಮೋಟಾರು, ಮೊಬೈಲುಗಳ ಸುತ್ತಲಿನ ಕ್ಷೇತ್ರವನ್ನು. ಹೆಸ್ಕಾಂನ ವಿದ್ಯುತ್ ಸಂಪರ್ಕ ಕಡಿಸದೆ ಬಿಟ್ಟ ಹಳೆಯ ಕಚೇರಿಯಲ್ಲಿ ಗೋಡೆಯೊಳಗಿನ ತಂತಿ ಇನ್ನೂ ಜೀವಂತವಿದ್ದರೆ ಮೀಟರಿನ ದೀಪ ಮಿನುಗಬಹುದು. ಅಲ್ಲಿ ಅದು ತೋರಿಸುತ್ತಿರುವುದು ಶಾಕ್ ಹೊಡೆಯುವ ಅಪಾಯವನ್ನು. ಫೋಟೊದಲ್ಲಿ ತೇಲುವ ಬೆಳ್ಳನೆ ಉಂಡೆಗಳು ಲೆನ್ಸಿನ ಹತ್ತಿರದ ದೂಳು, ಹುಳ, ತುಂತುರಿಗೆ ಫ್ಲಾಶ್ ಬೆಳಕು ಬಡಿದು ಹಿಂತಿರುಗಿದ್ದರ ಫಲ. ಫ್ಲಾಶ್ ಲೆನ್ಸಿಗೆ ತೀರ ಹತ್ತಿರವಿರುವ ಚಿಕ್ಕ ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆಯೇ ಇವುಗಳ ಸಂಖ್ಯೆ ಏರಿತು. ಧ್ವನಿಮುದ್ರಣದಲ್ಲಿ ಸತ್ತವರ ಮಾತು ಕೇಳಿಸುತ್ತದೆ ಎಂಬ ವಾದ 1959ರಲ್ಲಿ ಸ್ವೀಡನ್ನಿನ ಫ್ರೀಡ್ರಿಕ್ ಯುರ್ಗನ್‌ಸನ್ ಹಕ್ಕಿಗಳ ಕೂಗು ಮುದ್ರಿಸಲು ಹೋದಾಗ ಹುಟ್ಟಿತು. ಗೊರಗೊರ ಸದ್ದಿನಲ್ಲಿ ಮಾತು ಹುಡುಕುವುದು ಮಿದುಳಿನ ಸಹಜ ಗುಣ. ‘ಇದರಲ್ಲಿ ನಿಮ್ಮ ಹೆಸರು ಕರೆದಿದೆ, ಕೇಳಿ’ ಎಂದು ಮೊದಲೇ ಹೇಳಿ ಕೇಳಿಸಿದರೆ ಬಹಳ ಜನರಿಗೆ ಹೆಸರು ಕೇಳಿಸುತ್ತದೆ. ಏನೂ ಹೇಳದೆ ಕೇಳಿಸಿದರೆ ಒಬ್ಬೊಬ್ಬರಿಗೆ ಒಂದೊಂದು ಕೇಳಿಸುತ್ತದೆ. ಪರೀಕ್ಷೆ ಇಷ್ಟು ಸುಲಭ, ಮಾಡುವವರು ಮಾತ್ರ ಕಡಿಮೆ.

ಉಪಯೋಗಕ್ಕೆ ಬರುವ ಸಲಕರಣೆಗಳು ಬೇರೆ ಇವೆ. ಅವುಗಳಲ್ಲಿ ಮೊದಲನೆಯದು ಕಾರ್ಬನ್ ಮೊನಾಕ್ಸೈಡ್ ಮಾಪಕ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲ್ಮರ್ ಒಂದು ಕುಟುಂಬದ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಹಳೆಯ ದೊಡ್ಡ ಮನೆಗೆ ಬಂದಮೇಲೆ ಆ ಮನೆಯವರಿಗೆ ಹೆಜ್ಜೆ ಸಪ್ಪಳ ಕೇಳಿಸಿತು, ಆಕಾರಗಳು ಕಂಡವು, ತಲೆನೋವು ಹತ್ತಿತು, ಕುಂಡದ ಗಿಡಗಳು ಸೊರಗಿದವು. ಮನೆ ಕಾಯಿಸುವ ಒಲೆಯ ಹೊಗೆ ಕೋಣೆಗಳಿಗೆ ಸೋರುತ್ತಿತ್ತು. ಒಲೆ ಸರಿಮಾಡಿಸಿದ ಮೇಲೆ ದೆವ್ವವೂ ಹೋಯಿತು, ತಲೆನೋವೂ ಹೋಯಿತು. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿ ಕೂರುವ ಯಾವ ಗುಂಪೂ ಈ ಪ್ರಕರಣವನ್ನು ಮರೆಯಬಾರದು.

ಎರಡನೆಯದು ಕಿವಿಗೆ ಕೇಳದ ಸದ್ದನ್ನು ಹಿಡಿಯುವ ಮಾಪಕ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವೈದ್ಯಕೀಯ ಉಪಕರಣ ತಯಾರಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಎಂಜಿನಿಯರ್ ವಿಕ್ ಟ್ಯಾಂಡಿಗೆ ಒಂದು ರಾತ್ರಿ ಬೆವರು ಬಿಟ್ಟು, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ಕಂಡಿತು. ಮರುದಿನ ಬಿಗಿಯುವ ಇಕ್ಕಳಕ್ಕೆ ಸಿಕ್ಕಿಸಿಟ್ಟ ಕತ್ತಿವರಸೆಯ ಅಲಗು ತಾನೇ ನಡುಗತೊಡಗಿತು. ಹೊಸದಾಗಿ ಹಾಕಿದ ಗಾಳಿ ಹೊರದೂಡುವ ಫ್ಯಾನು ಸೆಕೆಂಡಿಗೆ ಸುಮಾರು 19 ಕಂಪನದ ಅಲೆಯನ್ನು ಕೋಣೆಯಲ್ಲಿ ಎಬ್ಬಿಸುತ್ತಿತ್ತು. 1998ರಲ್ಲಿ ಟ್ಯಾಂಡಿ ಇದನ್ನು ಸಹೋದ್ಯೋಗಿಯೊಂದಿಗೆ ಪ್ರಕಟಿಸಿದರು. ಆದರೆ 2009ರಲ್ಲಿ ಲಂಡನ್ನಿನ ಕ್ರಿಸ್ ಫ್ರೆಂಚ್ ಮತ್ತು ಸಂಗಡಿಗರು ಖಾಲಿ ಕೋಣೆಯಲ್ಲಿ ಇಂಥ ಅಲೆ ಮತ್ತು ಕಾಂತಕ್ಷೇತ್ರಗಳನ್ನು ಕೃತಕವಾಗಿ ಹುಟ್ಟಿಸಿ 79 ಜನರನ್ನು ಒಬ್ಬೊಬ್ಬರಾಗಿ ಕೂರಿಸಿದಾಗ, ವಿಚಿತ್ರ ಅನುಭವಗಳೇನೋ ಬಹಳ ಬಂದವು, ಅಲೆ ಇದ್ದದ್ದಕ್ಕೂ ಅನುಭವಕ್ಕೂ ಮಾತ್ರ ಹೊಂದಾಣಿಕೆ ಕಾಣಲಿಲ್ಲ. ‘ಏನಾದರೂ ಆಗಬಹುದು’ ಎಂದು ಮೊದಲೇ ಹೇಳಿದ ಮಾತೇ ಕೆಲಸ ಮಾಡಿತ್ತೆಂದು ಅವರು ಬಗೆದರು. ಟ್ಯಾಂಡಿಯ ವಿವರಣೆ ಆಕರ್ಷಕವಾದದ್ದು. ಎಲ್ಲ ದೆವ್ವಕ್ಕೂ ಅದನ್ನು ಅಂಟಿಸುವ ಉತ್ಸಾಹ ತಪ್ಪು. ಇದಕ್ಕೂ ಮುಂಚೆ, 2003ರಲ್ಲಿ, ರಿಚರ್ಡ್ ವೈಸ್‌ಮನ್ ತಂಡ ಹ್ಯಾಂಪ್ಟನ್ ಕೋರ್ಟ್ ಅರಮನೆ ಮತ್ತು ಎಡಿನ್‌ಬರೋದ ನೆಲಮಾಳಿಗೆಗಳಲ್ಲಿ ಮಾಡಿದ ಅಧ್ಯಯನದಲ್ಲಿ, ಕಥೆ ಗೊತ್ತಿಲ್ಲದವರಿಗೂ ‘ದೆವ್ವದ ಜಾಗ’ಗಳಲ್ಲೇ ಹೆಚ್ಚು ಅಳುಕು ಹುಟ್ಟಿದ್ದು ಕಂಡುಬಂತು. ಬೆಳಕಿನ ಪ್ರಮಾಣ, ಕೋಣೆಯ ಗಾತ್ರದಂಥ ಸಂಗತಿಗಳಿಗೂ ಆ ಅಳುಕಿಗೂ ನಂಟಿತ್ತು. ಅಂದರೆ ಹೆದರಿದವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮೈ ಕೋಣೆಗೆ ಸ್ಪಂದಿಸುತ್ತಿತ್ತು. ಈ ಒಂದು ತಿಳಿವಳಿಕೆ ಇದ್ದರೆ ಊರಿನ ಮುದುಕಿಯ ಮಾತನ್ನು ನಗೆಯಾಡದೆ ಕೇಳಲು ಬರುತ್ತದೆ.

ಬೀಗ ಬಿದ್ದದ್ದು ಏಕೆ?

ದೆವ್ವದ ಕಟ್ಟಡಗಳ ಪಟ್ಟಿಯಲ್ಲಿ ಜಗತ್ತಿನಾದ್ಯಂತ ಮೇಲೆ ನಿಲ್ಲುವುದು ಕ್ಷಯರೋಗದ ಆರೋಗ್ಯಧಾಮಗಳು. ಅಮೆರಿಕದ ಲೂಯಿವಿಲ್‌ನ ವೇವರ್ಲಿ ಹಿಲ್ಸ್ 1910ರಲ್ಲಿ ಶುರುವಾಗಿ, 1926ರಲ್ಲಿ ದೊಡ್ಡ ಕಟ್ಟಡ ಪಡೆದು, 1961ರಲ್ಲಿ ಮುಚ್ಚಿತು. ಇಂದು ಅಲ್ಲಿ ರಾತ್ರಿ ತಂಗಿ ದೆವ್ವ ಹುಡುಕಲು ಜನ ದುಡ್ಡು ಕೊಡುತ್ತಾರೆ. ಅದು ಮುಚ್ಚಿದ್ದು ಸಾವಿನಿಂದಲ್ಲ, ಔಷಧದಿಂದ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದ ಮೇಲೆ ಕ್ಷಯ ಗುಣವಾಗುವ ಕಾಯಿಲೆಯಾಯಿತು. ಅದಕ್ಕೆ ಕೊನೆಯ ಮುದ್ರೆ ಬಿದ್ದದ್ದು ದಕ್ಷಿಣ ಭಾರತದಲ್ಲೇ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯರೋಗ ಚಿಕಿತ್ಸಾ ಕೇಂದ್ರ, ಆರೋಗ್ಯಧಾಮದಲ್ಲಿಟ್ಟು ಕೊಡುವ ಚಿಕಿತ್ಸೆಯಷ್ಟೇ ಫಲವನ್ನು ಮನೆಯಲ್ಲೇ ಕೊಡುವ ಮಾತ್ರೆಯಿಂದ ಪಡೆಯಬಹುದೆಂದು 1959ರಲ್ಲಿ ತೋರಿಸಿಕೊಟ್ಟಿತು. ಜಗತ್ತಿನ ಆರೋಗ್ಯಧಾಮಗಳು ಒಂದೊಂದಾಗಿ ಖಾಲಿಯಾದದ್ದು ರೋಗಿಗಳು ಬದುಕಿ ಮನೆಗೆ ಹೋದದ್ದರಿಂದ. ಆ ಉದ್ದುದ್ದ ಪಡಸಾಲೆಗಳಲ್ಲಿ ಅಳುವ ಆತ್ಮಗಳನ್ನು ಮಾತ್ರ ಹುಡುಕುವವರು ವೈದ್ಯಕೀಯದ ಬಹು ದೊಡ್ಡ ಗೆಲುವೊಂದನ್ನು ಕಣ್ಣೆದುರಿಗೇ ಇಟ್ಟುಕೊಂಡು ಕಾಣದೆ ಹೋಗುತ್ತಾರೆ.

ಕರ್ನಾಟಕದ ಹಾಳು ಕಟ್ಟಡಗಳಿಗೂ ಹೀಗೆ ಒಂದೊಂದು ಕಾರಣವಿದೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿಯಿಂದ ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತು, ಇಡೀ ಟೌನ್‌ಶಿಪ್ ಬರಿದಾಯಿತು. ಹುಬ್ಬಳ್ಳಿ, ಧಾರವಾಡಗಳ ಸುತ್ತ 1898ರಿಂದ ಪ್ಲೇಗು ಹರಡಿದಾಗ ಜನ ಮನೆಗಳನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಹಾಫ್‌ಕಿನ್ ಅವರ ಪ್ಲೇಗು ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಿದ್ದು ಅದೇ ವರ್ಷ. ಊರ ಹೊರಗಿನ ಕೆಲವು ಜಾಗಗಳ ಬಗ್ಗೆ ಈಗಲೂ ಉಳಿದಿರುವ ಭಯದಲ್ಲಿ ಆ ದಿನಗಳ ನೆನಪು ಹುದುಗಿದೆ ಎಂದು ತಿಳಿಯಲು ಅಡ್ಡಿಯಿಲ್ಲ. ಸೋಂಕಿನ ಕಾಲದಲ್ಲಿ ಆ ಭಯ ಜೀವ ಉಳಿಸುವ ಬುದ್ಧಿಯೂ ಆಗಿತ್ತು.

ಜನ ಮತ್ತೆ ಬಂದ ಕಟ್ಟಡದಲ್ಲಿ ದೆವ್ವ ಹೆಚ್ಚು ಕಾಲ ಉಳಿಯುವುದಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ಇರುವುದು ಒಂದು ಕಾಲಕ್ಕೆ ಸದರ್ನ್ ಮರಾಠಾ ರೈಲ್ವೆಯ ಆಡಳಿತ ಕಚೇರಿಯಾಗಿದ್ದ ಕಟ್ಟಡದಲ್ಲಿ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿತು, 1917ರಲ್ಲಿ ಕಾಲೇಜು ಶುರುವಾಯಿತು. ತಲೆಮಾರುಗಳ ಹುಡುಗರು ಓದಿದ ಆ ಪಡಸಾಲೆಗಳನ್ನು ಯಾರೂ ಹಾಳು ಬಂಗಲೆ ಎನ್ನಲಿಲ್ಲ. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಹೋದಮೇಲೆ ಆ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ತುರ್ತು ಪರಿಸ್ಥಿತಿಯ ಬಂದಿಗಳಿದ್ದ ಬ್ಯಾರಕ್ಕುಗಳ ಪಕ್ಕ ಇಂದು ಜನ ಬೆಳಗಿನ ವಾಕಿಂಗ್ ಮಾಡುತ್ತಾರೆ.

ಹುಚ್ಚಾಸ್ಪತ್ರೆಯ ದೆವ್ವ ಎಂಬ ಕಥೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದ್ದಿದೆ. ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ ಶುರುವಾದದ್ದು 1845ರಲ್ಲಿ. ಅದೇ ಇಂದಿನ ಡಿಮ್ಹಾನ್ಸ್. ಇಂಥ ಆಸ್ಪತ್ರೆಗಳ ಹಳೆಯ ಕಟ್ಟಡಗಳನ್ನು ಭಯದ ತಾಣಗಳಂತೆ ತೋರಿಸುವ ವಿಡಿಯೊಗಳು ಅಲ್ಲಿ ನರಳಿದ ರೋಗಿಗಳನ್ನೇ ಪಿಶಾಚಿಗಳನ್ನಾಗಿ ಮಾಡುತ್ತವೆ. ಬದುಕಿದ್ದಾಗ ಸರಪಳಿ, ಸತ್ತಮೇಲೆ ದೆವ್ವದ ಪಟ್ಟ. ಇದು ಕ್ರೌರ್ಯವೇ ಸರಿ. ಕೆಟ್ಟ ಪರಿಣಾಮ ಬದುಕಿರುವವರ ಮೇಲೂ ಇದೆ. ದವಾಖಾನಿಗೆ ಹೋಗಬೇಕಾದವರು ನಾಚಿ ಹಿಂದೆ ಸರಿಯುತ್ತಾರೆ, ಮನೆಯವರು ದೆವ್ವ ಬಡಿದೈತಿ ಎಂದು ಬಿಡಿಸುವವರ ಬಳಿಗೆ ಒಯ್ಯುತ್ತಾರೆ. ಮೋರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಉಡುಪಿ ಬಳಿಯ ಕೋಟದಲ್ಲಿ ಮಾಡಿ 1976ರಲ್ಲಿ ಪುಸ್ತಕವಾಗಿ ತಂದ ಅಧ್ಯಯನ, ಮೈಮೇಲೆ ಬರುವುದು, ಮನಸ್ಸಿನ ಬೇಗೆ, ಬದಲಾಗುತ್ತಿದ್ದ ಬದುಕು ಇವು ಒಂದರೊಳಗೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಕನ್ನಡ ನಾಡಿನ ಊರಿನಲ್ಲೇ ಕೂತು ಅಳೆದ ಅಪರೂಪದ ಕೆಲಸ. ದೆವ್ವದ ತನಿಖೆಗೆ ಹೊರಟವರು ಮೀಟರು ಕೊಳ್ಳುವ ಮೊದಲು ಇಂಥದ್ದನ್ನು ಓದುವುದು ಮೇಲು.

ಹಾಳು ಕಟ್ಟಡದಲ್ಲಿ ನಿಜವಾದ ಅಪಾಯಗಳಿವೆ. ಎರೆ ನೆಲದಲ್ಲಿ ಬಿರುಕುಬಿಟ್ಟ ಗೋಡೆ ಮಳೆಗಾಲದಲ್ಲಿ ಸೂಚನೆ ಕೊಡದೆ ಕುಸಿಯುತ್ತದೆ. ಬಾವಲಿಯ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಸೋಂಕು ತರಬಲ್ಲದು. ಹಾವು, ತೆರೆದ ಬಾವಿ, ಜೀವಂತ ತಂತಿ ಇವೆಲ್ಲ ಕತ್ತಲಲ್ಲಿ ಕಾಣುವುದಿಲ್ಲ. ಬೀಗ ಮುರಿದು ಒಳಗೆ ಹೋಗುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಕ್ರಮ ಪ್ರವೇಶ. ಪಂಚಾಯಿತಿ ಅಥವಾ ಇಲಾಖೆಯ ಲಿಖಿತ ಒಪ್ಪಿಗೆ ಬೇಕು. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅದರಡಿ ಅಪರಾಧ. ಶಿಕ್ಷೆ ಒಂದು ವರ್ಷದಿಂದ ಏಳು ವರ್ಷದವರೆಗೆ ಸೆರೆ ಮತ್ತು ದಂಡ.

ಯರಗುಪ್ಪಿಯಂಥ ಊರುಗಳಲ್ಲಿ ಬೀಗ ಬಿದ್ದ ಸಾಲಿ ಕೊಠಡಿ ಇದ್ದರೆ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಕಟ್ಟಿದಾಗ ಅಡಿಪಾಯ ಗರಸು ಮುಟ್ಟಿತ್ತೇ, ದುರಸ್ತಿ ಆಗುತ್ತದೆಯೇ, ಆಗದಿದ್ದರೆ ಕೆಡವುವುದು ಯಾವಾಗ? ಮನೆಯಲ್ಲಿ ಯಾರಿಗಾದರೂ ಇಲ್ಲದ ಸದ್ದು ಕೇಳಿಸುತ್ತಿದ್ದರೆ, ಕಾಣದ್ದು ಕಾಣಿಸುತ್ತಿದ್ದರೆ, ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.